ನಲವತ್ತರ ಹತ್ತಿರ ಒಂದು ಎಂ.ಕಾಂ.

ಅಕೌಂಟೆಂಟ್ ಬೇಕಾಗಿದ್ದಾರೆ ಎಂಬ ಜಾಹೀರಾತುಗಳನ್ನು ನೋಡುತ್ತ ಬಂದವರಿಗೆ ಈ ಸಾಲು ಬಾಯಿಪಾಠವಾಗಿರುತ್ತದೆ: ಬಿ.ಕಾಂ./ಎಂ.ಕಾಂ., ಟ್ಯಾಲಿ ಮತ್ತು ಜಿಎಸ್‌ಟಿ ಗೊತ್ತಿರಬೇಕು, ಕನಿಷ್ಠ ಐದು ವರ್ಷ ಅನುಭವ. ಪೀಣ್ಯದ ಮಷಿನ್ ಶಾಪ್ ಇರಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಫ್ಯಾಕ್ಟರಿ ಇರಲಿ, ಒಕ್ಕಣೆ ಹೆಚ್ಚು ಬದಲಾಗುವುದಿಲ್ಲ. ಎರಡು ಪದವಿಗಳ ನಡುವಿನ ಆ ಓರೆಗೀಟಿನಲ್ಲಿ ಎರಡು ವರ್ಷದ ಓದು, ಪರೀಕ್ಷೆಗಳು, ಕಟ್ಟಿದ ಶುಲ್ಕ ಎಲ್ಲವೂ ಅಡಗಿಹೋಗಿವೆ. ಮಾಲೀಕರ ಲೆಕ್ಕದಲ್ಲಿ ಗೀಟಿನ ಆಚೆ ನಿಂತವರೂ ಈಚೆ ನಿಂತವರೂ ಒಂದೇ. ಸಂಬಳದ ಮಾತು ಬಂದಾಗ ಅವರು ಕೇಳುವ ಪ್ರಶ್ನೆಗಳೇ ಬೇರೆ. ಬ್ಯಾಲೆನ್ಸ್ ಶೀಟ್ ನೀವೇ ಫೈನಲ್ ಮಾಡಿದ್ದೀರಾ? ಆಡಿಟರ್ ಎದುರು ಕೂತು ಉತ್ತರ ಕೊಟ್ಟಿದ್ದೀರಾ? ಇಲಾಖೆಯಿಂದ ನೋಟಿಸು ಬಂದಾಗ ಯಾರು ಬರೆದದ್ದು?

ಹೀಗಿದ್ದೂ ಮೂವತ್ತೈದು ದಾಟಿದವರು, ಮಗುವಿನ ಶಾಲೆ ಫೀಸು, ಮನೆಸಾಲದ ಕಂತು ಎರಡನ್ನೂ ಹೊತ್ತವರು, ಇಗ್ನೋಗೋ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೋ ಎಂ.ಕಾಂ. ಅರ್ಜಿ ಹಾಕುವುದು ನಿಂತಿಲ್ಲ. ಈಚೆಗೆ ಖಾಸಗಿ ವಿಶ್ವವಿದ್ಯಾಲಯಗಳ ಆನ್‌ಲೈನ್ ಎಂ.ಕಾಂ. ಕೂಡ ಸೇರಿಕೊಂಡಿದೆ. ಒಮ್ಮೆ ಮೊಬೈಲ್ ನಂಬರ್ ಕೊಟ್ಟರೆ ಅವರ ಕರೆಗಳನ್ನು ನಿಲ್ಲಿಸುವುದೇ ಇನ್ನೊಂದು ಉದ್ಯೋಗ. ಓದುವ ಆಸೆಯನ್ನು ಯಾರೂ ಆಡಿಕೊಳ್ಳಬಾರದು, ನಿಜ. ಆದರೆ ನಡುವಯಸ್ಸಿನ ಎಂ.ಕಾಂ. ಈಗ ಒಂದು ರೂಢಿಯೇ ಆಗಿಬಿಟ್ಟಿದೆ, ಮತ್ತು ರೂಢಿಯನ್ನು ತೂಗಿ ನೋಡುವುದರಲ್ಲಿ ತಪ್ಪಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಎಂ.ಕಾಂ. ಎನ್ನುವುದು ಒಂದು ಅರ್ಹತೆ. ಅದನ್ನು ಕೇಳುವ ನಿಯಮ ಎಲ್ಲಿ ಬರೆದಿಟ್ಟಿದೆಯೋ ಅಲ್ಲಿ ಅದಕ್ಕೆ ಪೂರ್ತಿ ಬೆಲೆ. ನಿಯಮವಿಲ್ಲದ ಕಡೆ, ಅಂದರೆ ಬಹುಪಾಲು ಖಾಸಗಿ ಕಂಪನಿಗಳ ಅಕೌಂಟ್ಸ್ ವಿಭಾಗದಲ್ಲಿ, ನಲವತ್ತರ ಹತ್ತಿರದಲ್ಲಿ ಅದಕ್ಕಾಗಿ ಕೊಡುವ ರಾತ್ರಿಗಳಿಗೆ ಪ್ರತಿಫಲ ತೀರ ಕಡಿಮೆ. ಅದೇ ರಾತ್ರಿಗಳನ್ನು ಬೇರೆ ಕಡೆ ಹಾಕಿದರೆ ಹೆಚ್ಚು ಬರುತ್ತದೆ.

ಇದು ಹೀಗೇಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ಲೆಕ್ಕಪರಿಶೋಧನೆಯ ವೃತ್ತಿಯೂ ವಿಶ್ವವಿದ್ಯಾಲಯದ ವಾಣಿಜ್ಯ ವಿಭಾಗವೂ ಮೊದಲಿನಿಂದ ಬೇರೆ ಬೇರೆ ದಾರಿ ಹಿಡಿದವು. ಬ್ರಿಟಿಷರ ಕಾಲದಲ್ಲಿ ಬೊಂಬಾಯಿ ಸರ್ಕಾರ 1918ರಲ್ಲಿ ಲೆಕ್ಕಶಾಸ್ತ್ರಕ್ಕೆಂದೇ ಸರ್ಕಾರಿ ಡಿಪ್ಲೊಮಾ ಶುರುಮಾಡಿತು. ಸ್ವಾತಂತ್ರ್ಯ ಬಂದ ಮೇಲೆ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಪರೀಕ್ಷೆ, ತರಬೇತಿ, ಸದಸ್ಯತ್ವ, ಶಿಸ್ತು ಎಲ್ಲವನ್ನೂ ಒಂದು ಸಂಸ್ಥೆಯ ಕೈಗೆ ಕೊಟ್ಟಿತು. ಹತ್ತು ವರ್ಷದ ನಂತರ, 1959ರಲ್ಲಿ, ಕಾಸ್ಟ್ ಅಕೌಂಟೆಂಟರಿಗೂ ಅಂಥದೇ ಕಾಯ್ದೆ ಬಂತು. ಕಂಪನಿಯ ಆಡಿಟ್ ವರದಿಗೆ, ಆದಾಯ ತೆರಿಗೆಯ ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕುವ ಹಕ್ಕು ಸಿ.ಎ.ಗಳದ್ದಾಯಿತು. ವಿಶ್ವವಿದ್ಯಾಲಯದ ಪಾಲಿಗೆ ಉಳಿದದ್ದು ಪಾಠ ಹೇಳುವುದು, ಪಾಠ ಹೇಳುವವರನ್ನು ತಯಾರು ಮಾಡುವುದು. ಎಂ.ಕಾಂ. ಹುಟ್ಟಿದ್ದೂ ಬೆಳೆದದ್ದೂ ಆ ಕೆಲಸಕ್ಕೆ. ಅದರಲ್ಲಿ ಚಿನ್ನದ ಪದಕ ಬಂದರೂ ಒಂದು ಬ್ಯಾಲೆನ್ಸ್ ಶೀಟಿನ ಕೆಳಗೆ ಆಡಿಟರ್ ಎಂದು ಸಹಿ ಹಾಕುವಂತಿಲ್ಲ.

ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಸಿಪಿಎ, ಅಂದರೆ ಲೈಸೆನ್ಸ್ ಪಡೆದ ಅಕೌಂಟೆಂಟ್, ಆಗುವ ದಾರಿ ವಿಶ್ವವಿದ್ಯಾಲಯದ ಒಳಗಿಂದಲೇ ಹೋಗುತ್ತದೆ. ಪದವಿಗೆ 120 ಕ್ರೆಡಿಟ್ ಸಾಕು, ಆದರೆ ಲೈಸೆನ್ಸಿಗೆ 150 ಬೇಕು ಎಂಬ ನಿಯಮ ಅಲ್ಲಿ ದಶಕಗಳ ಕಾಲ ನಡೆಯಿತು. ಆ ಮೂವತ್ತು ಕ್ರೆಡಿಟ್ ತುಂಬಿಸಿಕೊಳ್ಳಲು ಜನ ಅಕೌಂಟಿಂಗ್ ಮಾಸ್ಟರ್ಸ್ ಮಾಡುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸಿನಲ್ಲೋ ಇರುವ ನಮ್ಮ ಕನ್ನಡದ ಹೆಣ್ಣುಮಕ್ಕಳು, ಗಂಡನ ವೀಸಾದ ಮೇಲೆ ಹೋಗಿ ಕೆಲಸದ ಪರವಾನಗಿ ಸಿಕ್ಕಮೇಲೆ ಅಕೌಂಟಿಂಗ್ ಮಾಸ್ಟರ್ಸ್ ಸೇರಿದವರು, ಊರಿನ ತಮ್ಮನಿಗೋ ತಂಗಿಗೋ 'ನೀನೂ ಮಾಸ್ಟರ್ಸ್ ಮಾಡು' ಎನ್ನುವುದು ಆ ನೆಲದ ಅನುಭವದಿಂದ. ಅಲ್ಲಿಗೆ ಅದು ಸರಿಯಾದ ಮಾತು. ದಾವಣಗೆರೆಯಲ್ಲಿ ಕೂತು ಅದನ್ನು ಹಾಗೇ ಎತ್ತಿಕೊಂಡರೆ ಆಗುವುದಿಲ್ಲ.

ಅಮೆರಿಕದ ಆ ನಿಯಮ ನಮ್ಮ ಎಂ.ಕಾಂ.ಗೂ ಒಂದು ಹೊಸ ಬೇಡಿಕೆ ತಂದುಕೊಟ್ಟಿತು ಎಂಬುದನ್ನೂ ಹೇಳಬೇಕು. 2020ರಿಂದ ಸಿಪಿಎ ಪರೀಕ್ಷೆಯನ್ನು ಭಾರತದಲ್ಲೇ ಬರೆಯಬಹುದು. ನಮ್ಮ ಮೂರು ವರ್ಷದ ಬಿ.ಕಾಂ.ಗೆ ಅವರು ಸಾಮಾನ್ಯವಾಗಿ 90 ಕ್ರೆಡಿಟ್ ಲೆಕ್ಕ ಹಾಕುತ್ತಾರೆ. ಎಂ.ಕಾಂ.ನ ಎರಡು ವರ್ಷ ಸೇರಿದರೆ 150 ಆಗುತ್ತದೆ. ಬೆಂಗಳೂರಿನ ವಿದೇಶಿ ಕಂಪನಿಗಳ ಫೈನಾನ್ಸ್ ಕೇಂದ್ರಗಳಲ್ಲಿ ಕೆಲಸ ಮಾಡುವ ಎಷ್ಟೋ ಮಂದಿ ಎಂ.ಕಾಂ.ಗೆ ಸೇರುವುದು ಇದೊಂದೇ ಕಾರಣಕ್ಕೆ. ಆದರೆ 2025ರ ಜನವರಿಯಲ್ಲಿ ಓಹಾಯೋ ರಾಜ್ಯ ಕಾನೂನು ಬದಲಿಸಿತು: ಬ್ಯಾಚುಲರ್ ಪದವಿ, ಎರಡು ವರ್ಷದ ಅನುಭವ, ಪರೀಕ್ಷೆ, ಇಷ್ಟಿದ್ದರೂ ಲೈಸೆನ್ಸ್ ಕೊಡುವ ದಾರಿ ತೆರೆಯಿತು. ಆಮೇಲೆ ಬೇರೆ ರಾಜ್ಯಗಳೂ ಅದೇ ಹಾದಿ ಹಿಡಿದಿವೆ. ಅಲ್ಲಿನ ಮಾಸ್ಟರ್ಸ್ ಪದವಿಯ ಬೆಲೆಯ ಒಂದು ಭಾಗ ಒಂದು ಸಹಿಯಲ್ಲಿ ಇಳಿಯಿತು. ನಿಯಮದ ಮೇಲೆ ನಿಂತ ಬೆಲೆ ಎಂದರೆ ಇಷ್ಟೇ. ನಿಯಮ ಬರೆದವರು ಅದನ್ನು ಅಳಿಸಲೂ ಬಲ್ಲರು.

ನಮ್ಮಲ್ಲಿ ಇದಕ್ಕಿಂತ ಕಹಿಯಾದ ಉದಾಹರಣೆ ಇದೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಎಷ್ಟೋ ಗುಮಾಸ್ತರಿಗೆ, ಶಿಕ್ಷಕರಿಗೆ, ಕಂಡಕ್ಟರುಗಳಿಗೆ ಪದವಿ ಕೊಟ್ಟ ಸಂಸ್ಥೆ. ರಾಜ್ಯದ ಹೊರಗೆ ಅಧ್ಯಯನ ಕೇಂದ್ರಗಳನ್ನು ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನು ಕೊಟ್ಟದ್ದು ವಿವಾದವಾಗಿ, 2015ರಲ್ಲಿ ಯುಜಿಸಿ ಅದಕ್ಕೆ ಮಾನ್ಯತೆ ಇಲ್ಲವೆಂದು ಪ್ರಕಟಣೆ ಹೊರಡಿಸಿತು. ಮಾನ್ಯತೆ ಮರಳಿದ್ದು 2018–19ರ ಸಾಲಿಗೆ. ನಡುವಿನ ವರ್ಷಗಳಲ್ಲಿ ಸಿಕ್ಕಿಕೊಂಡ ವಿದ್ಯಾರ್ಥಿಗಳಲ್ಲಿ ಹೊರರಾಜ್ಯದ ಕೇಂದ್ರಗಳ ಮುಖವನ್ನೇ ನೋಡದ, ಮೈಸೂರಿಗೆ ಬಂದು ಪ್ರಾಮಾಣಿಕವಾಗಿ ಪರೀಕ್ಷೆ ಬರೆದವರೇ ಎಷ್ಟೋ ಜನ. ಈಗ ಆ ಸಂಸ್ಥೆ ನೆಟ್ಟಗಿದೆ. ದೂರಶಿಕ್ಷಣದ ಪದವಿಯೂ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯುಜಿಸಿ 2022ರಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ. ಆದರೂ ಯಾವುದೇ ದೂರಶಿಕ್ಷಣದ ಕೋರ್ಸಿಗೆ ಸೇರುವಾಗ, ಆ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಆ ವರ್ಷಕ್ಕೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ಪಟ್ಟಿಯಲ್ಲಿ ಕಣ್ಣಾರೆ ನೋಡಬೇಕು. ಏಜೆಂಟನ ಬಾಯಿಮಾತು ಸಾಲದು.

ಇನ್ನು ಓದಿನ ಒಳಗಿರುವುದೇನು ಎಂಬ ಪ್ರಶ್ನೆ. ಇಗ್ನೋದಲ್ಲಿ ಬಹಳ ವರ್ಷ ಚಾಲ್ತಿಯಲ್ಲಿದ್ದ ಎಂ.ಕಾಂ. ಪಠ್ಯವನ್ನೇ ತೆಗೆದುಕೊಳ್ಳಿ. ಪತ್ರಿಕೆಗಳ ಪೈಕಿ ಅರ್ಧದಷ್ಟು ಅಂತಾರಾಷ್ಟ್ರೀಯ ವ್ಯಾಪಾರದವು: ಭಾರತದ ವಿದೇಶ ವ್ಯಾಪಾರ, ರಫ್ತು ಆಮದಿನ ಕಾಗದಪತ್ರ, ಸರಕು ಸಾಗಣೆ ಇತ್ಯಾದಿ. ಉಳಿದವುಗಳಲ್ಲಿ ಮಾರ್ಕೆಟಿಂಗ್ ಇದೆ, ಸಂಘಟನೆಯ ಸಿದ್ಧಾಂತ ಇದೆ, ಸಂಶೋಧನಾ ವಿಧಾನ ಮತ್ತು ಸಂಖ್ಯಾಶಾಸ್ತ್ರ ಇದೆ. ನೇರವಾಗಿ ಲೆಕ್ಕಶಾಸ್ತ್ರ ಎನ್ನಬಹುದಾದ ಪತ್ರಿಕೆ ಒಂದು, ಅದಕ್ಕೆ ಒತ್ತಿಕೊಂಡು ನಿಂತ ಹಣಕಾಸು ನಿರ್ವಹಣೆಯದು ಇನ್ನೊಂದು. ಕೆಟ್ಟ ಪಠ್ಯವೇನಲ್ಲ, ವಾಣಿಜ್ಯದ ಅಧ್ಯಾಪಕನಾಗುವವನಿಗೆ ಇಷ್ಟು ಹರವು ಬೇಕು. ಆದರೆ ಹದಿನೈದು ವರ್ಷ ಅಕೌಂಟ್ಸ್ ಮಾಡಿ, 'ಅಕೌಂಟ್ಸನ್ನೇ ಇನ್ನಷ್ಟು ಆಳವಾಗಿ ಕಲಿಯೋಣ' ಎಂದು ಬಂದವರು ಹಡಗಿನ ಬಾಡಿಗೆಯ ಲೆಕ್ಕ ಓದುತ್ತ ಕೂರಬೇಕಾಗುತ್ತದೆ.

ಕಳೆದ ಸುಮಾರು ಹತ್ತು ವರ್ಷಗಳಲ್ಲಿ ಅಕೌಂಟೆಂಟನ ಮೇಜಿನ ಮೇಲೆ ಏನೇನು ಬಂದು ಬಿದ್ದಿದೆ ನೋಡಿ. 2016ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ ಇಂಡ್-ಎಎಸ್ ಲೆಕ್ಕ ಮಾನದಂಡಗಳು ಕಡ್ಡಾಯವಾದವು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಗುತ್ತಿಗೆಯ ಕಟ್ಟಡ, ವಾಹನಗಳನ್ನು ಬ್ಯಾಲೆನ್ಸ್ ಶೀಟಿನೊಳಗೆ ತರುವ ಲೀಸ್ ಮಾನದಂಡ 2019ರಲ್ಲಿ, ಇ-ಇನ್‌ವಾಯ್ಸ್ 2020ರಲ್ಲಿ, ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಎಂಟ್ರಿ ತಿದ್ದಿದರು ಎಂಬುದರ ದಾಖಲೆ ಉಳಿಯಲೇಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ. ಇವೆಲ್ಲವೂ ಅಧಿಸೂಚನೆಯ ರೂಪದಲ್ಲಿ ಬಂದವು, ಕಚೇರಿಯಲ್ಲಿ ಬೈಸಿಕೊಳ್ಳುತ್ತ ಕಲಿತಂಥವು. ಪಠ್ಯಪುಸ್ತಕ ಇವುಗಳ ಹಿಂದೆ ಏದುಸಿರು ಬಿಡುತ್ತ ಬರುತ್ತದೆ. ಬೆಂಗಳೂರಿನಲ್ಲೇ ಹುಟ್ಟಿದ ಟ್ಯಾಲಿ ಒಂದು ಅಪ್‌ಡೇಟಿನಲ್ಲಿ ಕಲಿಸುವಷ್ಟನ್ನು ಒಂದು ಸೆಮಿಸ್ಟರ್ ಕಲಿಸುವುದಿಲ್ಲ ಎಂದು ಆಡಿಟರ್ ಆಫೀಸುಗಳಲ್ಲಿ ನಗುತ್ತಾರೆ. ಅದು ಅತಿಶಯೋಕ್ತಿ, ಆದರೆ ಎಲ್ಲವೂ ಸುಳ್ಳಲ್ಲ.

ಹಾಗಾದರೆ ಓದಿನಿಂದ ಬುದ್ಧಿ ಬೆಳೆಯುವುದೇ ಇಲ್ಲವೇ? ಬೆಳೆಯುತ್ತದೆ. ಎಂ.ಕಾಂ.ನ ಒಳ್ಳೆಯ ಭಾಗವೆಂದರೆ ನನ್ನ ಮಟ್ಟಿಗೆ ನಿರ್ಧಾರಕ್ಕಾಗಿ ಲೆಕ್ಕ ಹಾಕುವ ಪತ್ರಿಕೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಒಂದು ಬಿಡಿಭಾಗದ ಉತ್ಪಾದನಾ ವೆಚ್ಚ ನೂರು ರೂಪಾಯಿ ಎಂದಿಟ್ಟುಕೊಳ್ಳಿ. ಕಚ್ಚಾ ಮಾಲು 45, ವಿದ್ಯುತ್ತು ಮತ್ತು ಟೂಲು 10, ಕೂಲಿ 15, ಬಾಡಿಗೆ, ಸೂಪರ್‌ವೈಸರ್ ಸಂಬಳ, ಸವಕಳಿ ಎಲ್ಲ ಸೇರಿ 30. ಒಬ್ಬ ಗ್ರಾಹಕ ಬಂದು 62 ರೂಪಾಯಿಗೆ ಕೊಡುವುದಾದರೆ 10,000 ಪೀಸು ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ರಿಟರ್ನ್ ಹಾಕುವುದಷ್ಟೇ ಗೊತ್ತಿರುವ ಅಕೌಂಟೆಂಟ್ 'ಪೀಸಿಗೆ 38 ರೂಪಾಯಿ ನಷ್ಟ, ಬೇಡ ಸಾರ್' ಎನ್ನುತ್ತಾನೆ. ಎಂ.ಕಾಂ. ಓದಿದವನು ಸ್ಥಿರವೆಚ್ಚ ಹೇಗೂ ಇದ್ದದ್ದೇ ಎಂದು ಆ 30ನ್ನು ಬದಿಗಿಟ್ಟು, ಬದಲಾಗುವ ವೆಚ್ಚವೇ 70 ಇರುವಾಗ 62ಕ್ಕೆ ಹೇಗೆ ಕೊಡುವುದು ಎಂದು ತಾನೂ ಬೇಡ ಎನ್ನುತ್ತಾನೆ. ಆದರೆ ಶಾಪ್‌ ಫ್ಲೋರಿಗೆ ಇಳಿದು ನೋಡಿದವನಿಗೆ ಇನ್ನೊಂದು ಕಾಣುತ್ತದೆ. ಆ ಕೂಲಿ ದಿನಗೂಲಿಯಲ್ಲ, ತಿಂಗಳ ಸಂಬಳ. ಆರ್ಡರಿಲ್ಲದೆ ಎರಡು ತಿಂಗಳು ಮಷಿನ್ ನಿಂತರೂ ಅದನ್ನು ಕೊಡಲೇಬೇಕು. ಅಂದಮೇಲೆ ಈ ಆರ್ಡರಿಗೆ ನಿಜವಾಗಿ ಹೆಚ್ಚಾಗುವ ಖರ್ಚು 55 ಮಾತ್ರ. ಪೀಸಿಗೆ 7ರಂತೆ 70,000 ರೂಪಾಯಿ ಕೈಗೆ ಹತ್ತುತ್ತದೆ. ಆರ್ಡರ್ ತೆಗೆದುಕೊಳ್ಳಬಹುದು.

ಪಠ್ಯಪುಸ್ತಕದ ಲೆಕ್ಕದಲ್ಲಿ ಯಾವುದು ಸ್ಥಿರ, ಯಾವುದು ಬದಲಾಗುವುದು ಎಂದು ಮೊದಲೇ ವಿಂಗಡಿಸಿ ಕೊಟ್ಟಿರುತ್ತಾರೆ. ಕಷ್ಟವಿರುವುದೇ ಆ ವಿಂಗಡಣೆಯಲ್ಲಿ. ಆದ್ದರಿಂದ ಈ ಪತ್ರಿಕೆಯನ್ನು ಇಪ್ಪತ್ತೆರಡರ ಹುಡುಗ ಓದುವುದಕ್ಕಿಂತ ನಲವತ್ತರ ಅಕೌಂಟೆಂಟ್ ಓದಿದರೆ ಹತ್ತು ಪಟ್ಟು ಹೆಚ್ಚು ದಕ್ಕುತ್ತದೆ, ಅವನ ಬಳಿ ಪ್ರಶ್ನೆಗಳಿರುತ್ತವೆ. ನಡುವಯಸ್ಸಿನ ಎಂ.ಕಾಂ. ಪರವಾಗಿ ನಾನು ಒಪ್ಪುವ ಅತ್ಯಂತ ಗಟ್ಟಿಯಾದ ವಾದ ಇದು. ಅಡಚಣೆ ಎಂದರೆ, ಮಾರ್ಜಿನಲ್ ಕಾಸ್ಟಿಂಗ್ ಎಂಬ ಈ ಲೆಕ್ಕ ಬಿ.ಕಾಂ.ನಲ್ಲೇ ಇತ್ತು. ಮರೆತದ್ದನ್ನು ನೆನಪಿಸಿಕೊಳ್ಳಲು ಒಂದು ಪುಸ್ತಕ ಸಾಕಾಗಬಹುದಿತ್ತು.

ಮತ್ತು ಆ ಪ್ರಶ್ನೆಗಳನ್ನು ಕೇಳುವುದಕ್ಕೆ ಯಾರೂ ಇರುವುದಿಲ್ಲ. ದೂರಶಿಕ್ಷಣದ ಸಂಪರ್ಕ ತರಗತಿಗಳು ಕೆಲವೇ ದಿನ. ಬಾಕಿಯದ್ದು ಅಸೈನ್‌ಮೆಂಟ್. ಇಗ್ನೋದಲ್ಲಿ ಅಂಕಗಳ ಶೇ 30 ಅಸೈನ್‌ಮೆಂಟಿಗೆ, ಶೇ 70 ಪರೀಕ್ಷೆಗೆ. ಬರೆದಿಟ್ಟ ಅಸೈನ್‌ಮೆಂಟುಗಳು ಮಾರಾಟಕ್ಕೆ ಸಿಗುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ತಿಂಗಳ ಕೊನೆಗೆ ಎಂ.ಡಿ.ಗೆ ನಿಜವಾದ ಎಂಐಎಸ್ ವರದಿ ತಯಾರಿಸಿಕೊಡುವ ಮನುಷ್ಯ, ರಾತ್ರಿ ಹನ್ನೊಂದಕ್ಕೆ ಕೂತು 'ಮ್ಯಾನೇಜ್‌ಮೆಂಟ್ ಅಕೌಂಟಿಂಗಿನ ಸ್ವರೂಪ ಮತ್ತು ವ್ಯಾಪ್ತಿ' ಎಂಬ ಉತ್ತರವನ್ನು ನೋಡಿಕೊಂಡು ಬರೆಯುತ್ತಿರುತ್ತಾನೆ. ಅವನು ತಯಾರಿಸಿದ ವರದಿಯನ್ನೇ ಅಸೈನ್‌ಮೆಂಟ್ ಎಂದು ಸ್ವೀಕರಿಸಿ, ಅದರ ಮೇಲೆ ನಾಲ್ಕು ಕಟುವಾದ ಪ್ರಶ್ನೆ ಕೇಳಿದ್ದರೆ ವಿಶ್ವವಿದ್ಯಾಲಯಕ್ಕೂ ಲಾಭ, ಅವನಿಗೂ ಲಾಭ. ಈ ವ್ಯವಸ್ಥೆಯ ಮೇಲೆ ನನ್ನ ಮುಖ್ಯ ದೂರು ಇದೇ. ಮನೆ ಬಾಗಿಲಿಗೆ ಬಂದ ಅತ್ಯುತ್ತಮ ವಿದ್ಯಾರ್ಥಿಯನ್ನು ಅದು ಗುರುತಿಸುವುದೇ ಇಲ್ಲ.

ಸಮಯದ ಲೆಕ್ಕ ಇನ್ನೊಂದು. ಅಕೌಂಟ್ಸ್ ವಿಭಾಗದಲ್ಲಿರುವವರ ತಿಂಗಳು ತಾರೀಖುಗಳಿಂದ ಕಟ್ಟಿಹಾಕಿದ ತಿಂಗಳು. ಏಳಕ್ಕೆ ಟಿಡಿಎಸ್, ಹನ್ನೊಂದಕ್ಕೆ ಜಿಎಸ್‌ಟಿಆರ್-1, ಹದಿನೈದಕ್ಕೆ ಪಿಎಫ್ ಮತ್ತು ಇಎಸ್ಐ, ಇಪ್ಪತ್ತಕ್ಕೆ 3ಬಿ. ಇಗ್ನೋ ಪರೀಕ್ಷೆಗಳು ನಡೆಯುವುದು ಜೂನ್ ಮತ್ತು ಡಿಸೆಂಬರಿನಲ್ಲಿ. ಜೂನ್ 15 ಮತ್ತು ಡಿಸೆಂಬರ್ 15 ಮುಂಗಡ ತೆರಿಗೆಯ ಕಂತು ಕಟ್ಟುವ ದಿನಗಳು, ಡಿಸೆಂಬರ್ 31 ಜಿಎಸ್‌ಟಿ ವಾರ್ಷಿಕ ರಿಟರ್ನಿನ ಗಡುವು. ಪರೀಕ್ಷೆಗೆ ಒಂದು ವಾರ ರಜೆ ಕೇಳಿದರೆ ಮ್ಯಾನೇಜರ್ ಮುಖ ಹೇಗಾಗುತ್ತದೆ ಎಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಎರಡು ವರ್ಷದ ಕೋರ್ಸು ನಾಲ್ಕು ವರ್ಷಕ್ಕೆ ಹಿಗ್ಗುವುದು ಸೋಮಾರಿತನದಿಂದಲ್ಲ, ಈ ತಾರೀಖುಗಳ ದೆಸೆಯಿಂದ.

ಈಗ ನಿಯಮ ಇರುವ ಕಡೆಗೆ ಬರೋಣ. ಪಾಠ ಹೇಳುವ ಕೆಲಸಕ್ಕೆ ಎಂ.ಕಾಂ. ಬೇಕೇ ಬೇಕು, ಅದರಲ್ಲಿ ಮಾತಿಲ್ಲ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ, ಮೀಸಲಾತಿ ಇರುವವರಿಗೆ ಶೇ 50, ಜೊತೆಗೆ ನೆಟ್ ಅಥವಾ ಕೆಸೆಟ್. ಪಿಯು ಕಾಲೇಜಿಗಾದರೆ ಎಂ.ಕಾಂ. ಜೊತೆ ಬಿ.ಇಡಿ. ಇಲ್ಲಿ ಮೂರು ಮಾತು ನೆನಪಿರಲಿ. ಸಹಾಯಕ ಪ್ರಾಧ್ಯಾಪಕ ಅರ್ಹತೆಗೆ ನೆಟ್ ಬರೆಯಲು ವಯಸ್ಸಿನ ಮಿತಿ ಇಲ್ಲ, ಆದರೆ ಸರ್ಕಾರಿ ನೇಮಕಾತಿಗೆ ಇದೆ. ನಲವತ್ತೆರಡಕ್ಕೆ ಎಂ.ಕಾಂ., ನಲವತ್ಮೂರಕ್ಕೆ ನೆಟ್ ಮುಗಿಸಿದವರ ಎದುರು ಆ ಬಾಗಿಲು ಆಗಲೇ ಮುಚ್ಚಿರಬಹುದು, ಮತ್ತು ನೇಮಕಾತಿ ಅಧಿಸೂಚನೆಯೂ ನಮ್ಮ ರಾಜ್ಯದಲ್ಲಿ ಪ್ರತಿ ವರ್ಷ ಬರುವಂಥದ್ದಲ್ಲ. ಅತಿಥಿ ಉಪನ್ಯಾಸಕರಾಗುತ್ತೇನೆ ಎನ್ನುವವರು, ಈಗಿರುವವರ ಪರದಾಟವನ್ನು ಒಮ್ಮೆ ಅವರ ಬಾಯಿಂದಲೇ ಕೇಳಿ. ಕೊನೆಯದಾಗಿ, ಸಿ.ಎ., ಸಿ.ಎಸ್., ಕಾಸ್ಟ್ ಅಕೌಂಟೆನ್ಸಿ ಪಾಸಾದವರನ್ನು ಸ್ನಾತಕೋತ್ತರ ಪದವೀಧರರಿಗೆ ಸಮಾನ ಎಂದು ಯುಜಿಸಿ 2021ರಲ್ಲಿ ಒಪ್ಪಿಕೊಂಡಿದೆ. ಎಂ.ಕಾಂ.ಗೆ ತನ್ನದೇ ಎಂದಿದ್ದ ಒಂದೇ ಒಂದು ಬಾಗಿಲಲ್ಲೂ ಈಗ ಬೇರೆಯವರು ಒಳಬರಬಹುದು.

ಎಂ.ಕಾಂ. ಆದರೆ ಬಡ್ತಿ ಸಿಗುತ್ತದೆ ಎಂಬ ಸರ್ಕಾರಿ ಕಚೇರಿಯಲ್ಲಿರುವವರ ಲೆಕ್ಕಾಚಾರ ಹೆಚ್ಚಾಗಿ ತಪ್ಪಿರುತ್ತದೆ. ಪ್ರಥಮ ದರ್ಜೆ ಸಹಾಯಕರ ಬಡ್ತಿ ಸೇವಾ ಹಿರಿತನದ ಮೇಲೆ, ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳ ಮೇಲೆ ನಿಂತಿದೆ. ಅವುಗಳಲ್ಲೊಂದಾದ ಅಕೌಂಟ್ಸ್ ಹೈಯರ್ ಪಾಸಾಗದ ಎಂ.ಕಾಂ. ಪದವೀಧರನಿಗಿಂತ ಅದು ಪಾಸಾದ ಬಿ.ಎ. ಪದವೀಧರ ಮೊದಲು ಮೇಲೇರುತ್ತಾನೆ. ಬ್ಯಾಂಕಿನವರಿಗೂ ಅಷ್ಟೇ: ಜೆಎಐಐಬಿ, ಸಿಎಐಐಬಿ ಎಂಬ ಬ್ಯಾಂಕಿಂಗ್ ಪರೀಕ್ಷೆಗಳು ಪಾಸಾದರೆ ಇನ್‌ಕ್ರಿಮೆಂಟ್ ಸೇರುತ್ತದೆ, ಅದು ಒಪ್ಪಂದದಲ್ಲೇ ಬರೆದ ಮಾತು. ಎಂ.ಕಾಂ. ಬಗ್ಗೆ ಅಂಥ ಸಾಲು ನಿಮ್ಮ ಕಚೇರಿಯ ನಿಯಮದಲ್ಲಿದ್ದರೆ ಸಂತೋಷ, ಇಂದೇ ಅರ್ಜಿ ಹಾಕಿ.

ಖಾಸಗಿಯವರಿಗೆ ಬೇರೆ ದಾರಿಗಳಿವೆ. ಸಿ.ಎ. ಎಂದೊಡನೆ ನಡುವಯಸ್ಸಿನವರು ಹಿಂಜರಿಯುವುದು ಪರೀಕ್ಷೆಗೆ ಹೆದರಿ ಮಾತ್ರವಲ್ಲ. ಆರ್ಟಿಕಲ್‌ಶಿಪ್ ಎಂಬ ಕಡ್ಡಾಯ ತರಬೇತಿ ಈಗ ಮೂರರ ಬದಲು ಎರಡು ವರ್ಷ, ಆದರೂ ಸಂಸಾರವಿರುವವರು ಎರಡು ವರ್ಷ ಸ್ಟೈಪೆಂಡಿನ ಮೇಲೆ ಬದುಕುವುದು ಆಗದ ಮಾತು. ಕಾಸ್ಟ್ ಅಕೌಂಟೆನ್ಸಿ ಅಷ್ಟು ನಿಷ್ಠುರವಲ್ಲ, ಉದ್ಯೋಗದಲ್ಲಿದ್ದುಕೊಂಡೇ ಮುಗಿಸಿದವರು ಎಷ್ಟೋ ಕಾರ್ಖಾನೆಗಳಲ್ಲಿ ಸಿಗುತ್ತಾರೆ. ವಿದೇಶಿ ಕಂಪನಿಗಳ ಕೇಂದ್ರಗಳಲ್ಲಿರುವವರಿಗೆ ಎರಡೇ ಪರೀಕ್ಷೆಯ ಅಮೆರಿಕದ ಸಿಎಂಎ ಇದೆ, ಬಿ.ಕಾಂ. ಮತ್ತು ಎರಡು ವರ್ಷದ ಅನುಭವ ಸಾಕು. ಅಂತಾರಾಷ್ಟ್ರೀಯ ಮಾನದಂಡಗಳಿಗೆಂದೇ ಎಸಿಸಿಎ ನಡೆಸುವ ಡಿಪ್ಲೊಮಾ ಒಂದೇ ಪತ್ರಿಕೆಯದು, ಮೂರು ವರ್ಷದ ಅಕೌಂಟ್ಸ್ ಅನುಭವ ಇದ್ದವರು ನೇರವಾಗಿ ಬರೆಯಬಹುದು. ಊರಲ್ಲೇ ಸ್ವಂತ ಕಚೇರಿ ತೆರೆದು ರಿಟರ್ನ್ ಹಾಕಿಕೊಡುತ್ತೇನೆ ಎನ್ನುವವರಿಗೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಲು ಬಿ.ಕಾಂ. ಸಾಕು, ಪರೀಕ್ಷೆ ಪಾಸಾಗಬೇಕಷ್ಟೆ. ಇವು ಯಾವುವೂ ಸುಲಭವಲ್ಲ, ಕೆಲವು ದುಬಾರಿಯೂ ಹೌದು. ಆದರೆ ಇವುಗಳ ಹೆಸರು ರೆಸ್ಯೂಮಿನಲ್ಲಿ ಕಂಡರೆ ಎದುರಿಗೆ ಕೂತವರು ಮುಂದಿನ ಪ್ರಶ್ನೆ ಕೇಳುತ್ತಾರೆ.

ಮಕ್ಕಳಿಗಾಗಿ ಕೆಲಸ ಬಿಟ್ಟು ಎಂಟು ಹತ್ತು ವರ್ಷದ ನಂತರ ಮರಳಬೇಕೆನ್ನುವ ಹೆಂಗಸರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಅವರು ಎಂ.ಕಾಂ. ಆರಿಸಿಕೊಳ್ಳುವುದಕ್ಕೆ ಕಾರಣ ಹಲವು ಸಲ ಸರಳ: ಮನೆಯವರು ತಕರಾರಿಲ್ಲದೆ ಒಪ್ಪುವ ಓದು ಅದೊಂದೇ. ಹೊರಗೆ ಹೋಗಬೇಕಿಲ್ಲ, ಅಡುಗೆ ತಪ್ಪುವುದಿಲ್ಲ. ಆತ್ಮವಿಶ್ವಾಸ ಮರಳಿ ಬರಲು ಅದರಿಂದ ನೆರವಾಗುವುದು ನಿಜ, ಅದನ್ನು ಕೀಳಾಗಿ ಕಾಣಲಾರೆ. ಆದರೆ ಸಂದರ್ಶನದಲ್ಲಿ ಪ್ರಶ್ನೆ ಬರುವುದು ಬಿಟ್ಟುಹೋದ ವರ್ಷಗಳಲ್ಲಿ ಬಂದ ಜಿಎಸ್‌ಟಿ, ಇ-ಇನ್‌ವಾಯ್ಸ್ ಬಗ್ಗೆ. ಬಡಾವಣೆಯ ಆಡಿಟರ್ ಆಫೀಸಿನಲ್ಲಿ ಅರ್ಧ ದಿನದ ಕೆಲಸ, ಕಡಿಮೆ ಸಂಬಳಕ್ಕಾದರೂ ಸರಿ, ಒಂದು ವರ್ಷ ಮಾಡಿದರೆ ಎಂ.ಕಾಂ.ನ ಎರಡು ವರ್ಷಕ್ಕಿಂತ ಬೇಗ ದಾರಿ ತೆರೆಯುತ್ತದೆ. ಮನೆಯಲ್ಲಿ ಜಗಳವಾಡಲೇಬೇಕಾದರೆ ಆ ಅರ್ಧ ದಿನಕ್ಕಾಗಿ ಆಡುವುದು ಒಳ್ಳೆಯದು.

'ಓದು ಒಂದು ಹೂಡಿಕೆ' ಎಂದು ಪದವಿ ಮಾರುವವರು ಹೇಳುತ್ತಾರೆ. ಲೆಕ್ಕದವರಿಗೆ ಈ ಮಾತು ಹೇಳುವಾಗ ಎಚ್ಚರವಿರಬೇಕು. ಅಗೋಚರ ಆಸ್ತಿಗಳ ಇಂಡ್-ಎಎಸ್ 38ರ ಪ್ರಕಾರ ಸಿಬ್ಬಂದಿಯ ತರಬೇತಿಗೆ ಮಾಡಿದ ಖರ್ಚನ್ನು ಕಂಪನಿ ಆಸ್ತಿ ಎಂದು ತೋರಿಸುವಂತಿಲ್ಲ, ಆ ವರ್ಷದ ವೆಚ್ಚಕ್ಕೇ ಬರೆಯಬೇಕು. ಕಲಿತವನು ನಾಳೆ ಹೊರಟುಹೋಗಬಹುದು, ಅವನ ಮೇಲೆ ಕಂಪನಿಗೆ ಹಿಡಿತವಿಲ್ಲ ಎಂಬುದು ಅದರ ತರ್ಕ. ಕಲಿತದ್ದು ಹೋಗುವುದಾದರೂ ಕಲಿತವನ ಜೊತೆಗೇ ತಾನೆ. ಹಾಗಾಗಿ ಅದೇ ಖರ್ಚು ಅವನ ಸ್ವಂತ ಪುಸ್ತಕದಲ್ಲಿ ಆಸ್ತಿಯಾಗಬಹುದು. ಆದರೆ ಅಲ್ಲಿಯೂ ಆಸ್ತಿ ಎನ್ನುವ ಮೊದಲು ಕೇಳುವ ಪ್ರಶ್ನೆ ಒಂದೇ: ಮುಂದೆ ಇದರಿಂದ ಏನು ಬರುತ್ತದೆ, ತೋರಿಸು. ಬರೇ ಓದಿನ ಖುಷಿಗೆ ಸೇರಿದವರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಖುಷಿಯ ಖರ್ಚು ಖರ್ಚೇ, ಅದರಲ್ಲಿ ನಾಚಿಕೆಯೂ ಇಲ್ಲ. ಬಡ್ತಿಗೆ, ಸಂಬಳಕ್ಕೆ ಎಂದು ಸೇರುವವರು ಮಾತ್ರ ಕಾಗದ ತೋರಿಸಬೇಕು.

ಆ ಕಾಗದ ಯಾವುದೆಂದರೆ ನಿಮ್ಮ ಇಲಾಖೆಯ ವೃಂದ ಮತ್ತು ನೇಮಕಾತಿ ನಿಯಮ, ನಿಮ್ಮ ಕಂಪನಿಯ ಬಡ್ತಿ ನೀತಿ, ಅಥವಾ ನೀವು ಕಣ್ಣಿಟ್ಟಿರುವ ಹುದ್ದೆಯ ಕೊನೆಯ ಅಧಿಸೂಚನೆ. ಅದರಲ್ಲಿ ಎಂ.ಕಾಂ. ಎಂಬ ಹೆಸರಿದೆಯೇ, ವಯೋಮಿತಿ ಎಷ್ಟು, ದೂರಶಿಕ್ಷಣದ ಪದವಿ ಒಪ್ಪುತ್ತಾರೆಯೇ ನೋಡಿ. ಇಗ್ನೋ ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಸರದಿಯಲ್ಲಿ, ತೆರೆಯುತ್ತದೆ. ಈ ಸಲ ತಪ್ಪಿದರೆ ಆರು ತಿಂಗಳಿಗೆ ಮತ್ತೆ ಬರುತ್ತದೆ, ಅವಸರವಿಲ್ಲ. ಅರ್ಜಿಗೆ ಮುಂಚೆ ನಿಯಮದ ಪ್ರತಿ ತರಿಸಿಕೊಂಡು ಓದಿ.